ಹೊರಗಿನಿಂದ ಬರುವವರಿಗೆ ದಾರಿ

ಎರ್ಫರ್ಟ್,
ಮಾರ್ಚ್ ೪, ೨೦೦೧

ಪ್ರೀತಿಯ ರೊಸ್ವಿತಾ,

‘ಪ್ರೀತಿಯ’ ಎಂದು ಬರೆದದ್ದು ರೂಢಿಗೆ. ಕಾಗದ ಮುಗಿಯುವ ಹೊತ್ತಿಗೆ ಅದು ನಿಜವಾದರೂ ಆದೀತು, ನೋಡೋಣ.

ನೀನು ಮಂಜುಗಡ್ಡೆಯ ಮೇಲಿನ ಓಟ ಬಿಟ್ಟು ಇನ್ಟ್ಸೆಲ್‌ನಲ್ಲಿ ಸ್ಕೇಟಿಂಗ್ ತರಬೇತಿ ಕೊಡಲು ಶುರು ಮಾಡಿದ್ದೀಯ, ಸಂತೋಷ. ಅಷ್ಟಕ್ಕೇ ಸುಮ್ಮನಿರದೆ ನನ್ನ ಮಗಳನ್ನೂ ಅಲ್ಲಿಗೆ ಕಳಿಸು ಎಂದು ಕೇಳಿದ್ದೀಯ. ಮರೆನ್‌ಗೆ ಇನ್ನೂ ಹದಿನಾರು, ನನ್ನ ಸಹಿ ಇಲ್ಲದೆ ಅವಳು ಬರುವಂತಿಲ್ಲ. ನೀನು ಕಳಿಸಿದ ಒಪ್ಪಿಗೆ ಪತ್ರವನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಅವಳು ದಿನವೂ ಡಬ್ಬಿ ಎತ್ತಿ ನೋಡುತ್ತಾಳೆ, ಮತ್ತೆ ಇದ್ದ ಹಾಗೇ ಇಡುತ್ತಾಳೆ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು. ಮೊಸರಿನ ಡಬ್ಬಿಯ ಮುಚ್ಚಳದ ಮೇಲೆ ನಿನ್ನ ಮುಖ ಬಂದಾಗ ಅದನ್ನು ತೊಳೆದು ಹಾಸಿಗೆಯ ಮೇಲ್ಗಡೆ ಗೋಡೆಗೆ ಅಂಟಿಸಿಕೊಂಡವಳು ಅವಳು. ಭಾನುವಾರ ನಾನು ಬೆಳಗಿನಿಂದ ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ, ಕೈ ಸೋಲುವಷ್ಟು ಕಡುಬು ಕಟ್ಟಿದರೆ ತಟ್ಟೆ ಸರಿಸಿ, “ರೊಸ್ವಿತಾ ಆಂಟಿ ಓಟದ ಹಿಂದಿನ ದಿನ ಇದನ್ನೆಲ್ಲ ಮುಟ್ಟಲ್ವಂತೆ ಅಮ್ಮಾ” ಅಂದಳು. ಇದೇ ಕಡುಬನ್ನು ನಮ್ಮಮ್ಮನ ಅಡುಗೆಮನೆಯಲ್ಲಿ ನೀನು ಒಂದೇ ಸಲಕ್ಕೆ ಆರು ನುಂಗಿದ್ದನ್ನು ಹೇಳಿಬಿಡಲೇ ಅನ್ನಿಸಿತು. ನನ್ನ ಗಂಡ ಡೆಟ್ಲೆಫ್ ನಗುತ್ತಾನೆ. “ನಿನ್ನ ಹೊಟ್ಟೇಲಿರೋ ಕಿಚ್ಚಲ್ಲೇ ಬೇಯ್ಸಿಬಿಡು ಕಣೆ, ಗ್ಯಾಸಾದ್ರೂ ಉಳಿಯುತ್ತೆ” ಅನ್ನುತ್ತಾನೆ.

ನೀನು ಗೆದ್ದ ಒಂದು ಓಟವನ್ನೂ ನಾನು ಕೂತು ನೋಡಿದವಳಲ್ಲ. ಮೂರು ಒಲಿಂಪಿಕ್ಸ್‌ನಲ್ಲೂ ನಿನ್ನ ಓಟದ ಹೊತ್ತಿಗೆ, ಫೆಬ್ರವರಿಯ ಚಳಿಯಲ್ಲಿ, ಕತ್ತಲಾದ ಮೇಲೆ, ಟಿವಿಗೆ ಬೆನ್ನು ಹಾಕಿ ಕಿಟಕಿ ಒರೆಸುತ್ತಿದ್ದೆ. ಎದುರುಮನೆಯ ಮುದುಕಿ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ನಾವಿಬ್ಬರೂ ಓಡಿದ ತಂಡದ ಆಯ್ಕೆಯ ಓಟ ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಮಂಜುಗಡ್ಡೆಯ ವಾಸನೆಯ ಸಮೇತ ನೆನಪಿದೆ. ಕೊನೆಯ ಸುತ್ತು, ದಾರಿ ಬದಲಿಸುವ ಜಾಗ. ನಾನು ಒಳದಾರಿಯಿಂದ ಹೊರಕ್ಕೆ, ನೀನು ಹೊರದಾರಿಯಿಂದ ಒಳಕ್ಕೆ, ಭುಜಕ್ಕೆ ಭುಜ. ಹೊರಗಿನಿಂದ ಬರುವವರಿಗೆ ಒಳಗಿನವರು ದಾರಿ ಬಿಡಬೇಕು, ಅದು ನಿಯಮ. ಬಿಟ್ಟೆ. ನನ್ನ ಲಯ ತಪ್ಪಿತು, ನೀನು ತಂಡಕ್ಕೆ ಹೋದೆ, ನಾನು ಶಿಶುವಿಹಾರದ ಅಡುಗೆಮನೆಗೆ ಬಂದೆ. ತಪ್ಪು ನಿನ್ನದಲ್ಲ, ನನ್ನದೂ ಅಲ್ಲ. ಬೈಯಲು ಯಾರೂ ಸಿಗದಿದ್ದರೆ ಹೊಟ್ಟೆ ಇನ್ನೂ ಹೆಚ್ಚು ಉರಿಯುತ್ತದೆ. ಈಗ ಮಗಳನ್ನೂ ಕೊಡು ಅಂದರೆ? ‘ಕೊಡುವುದಿಲ್ಲ’ ಎಂದು ಬರೆಯಲು ಎರಡು ಸಲ ಪೆನ್ನು ಹಿಡಿದೆ.

ಆಮೇಲೆ ಮೊನ್ನೆ ಶುಕ್ರವಾರ ಇಲ್ಲಿಯ ಮಂಜುಗಡ್ಡೆಯ ಅಂಗಳದಲ್ಲಿ ಮರೆನ್‌ಳ ಓಟವಿತ್ತು. ಒಳದಾರಿಯಲ್ಲಿ ಚೆನ್ನಾಗಿ ಮುಂದಿದ್ದಳು. ದಾರಿ ಬದಲಿಸುವ ಜಾಗ ಬಂತು ನೋಡು, ಹಿಂದಕ್ಕೆ ತಿರುಗಿ ನೋಡಿ ನಿಧಾನವಾದಳು. ಹೊರದಾರಿಯ ಹುಡುಗಿ ಇನ್ನೂ ತಿರುವಿನಲ್ಲೇ ಇದ್ದಳು. ಅವಳು ಬಂದು, ದಾಟಿ, ಗೆದ್ದು ಹೋದಳು. ಬೂಟು ಬಿಚ್ಚುವಾಗ, “ಯಾಕೆ ನಿಂತೆ? ಅವಳು ಎಲ್ಲೋ ಇದ್ಲಲ್ಲ” ಎಂದು ಕೇಳಿದೆ. “ಹೊರಗಿಂದ ಬರೋರಿಗೆ ದಾರಿ ಬಿಡ್ಬೇಕು ಅಂತ ನೀನೇ ತಾನೆ ಯಾವಾಗ್ಲೂ ಹೇಳೋದು?” ಅಂದಳು.

ಆರು ವರ್ಷದವಳಿದ್ದಾಗಿನಿಂದ ಹೇಳುತ್ತಿದ್ದೇನೆ. ಬೇರೆ ಮಕ್ಕಳಿಗೆ ಅವರವರ ಅಮ್ಮಂದಿರು ಕಥೆ ಹೇಳುವ ಹೊತ್ತಿನಲ್ಲಿ ನಾನು ಇವಳಿಗೆ ಅದನ್ನು ಹೇಳಿದ್ದೇನೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ನನಗೆ ಅಳು ಬಂತು.

ಸಹಿ ಹಾಕಿದ್ದೇನೆ. ಸೋಮವಾರ, ಹನ್ನೆರಡನೇ ತಾರೀಖಿನ ರೈಲಿಗೆ ಬರುತ್ತಾಳೆ. ಅವಳ ಬ್ಲೇಡಿಗೆ ಇವತ್ತಿನವರೆಗೆ ನಾನೇ ಸಾಣೆ ಹಿಡಿದಿದ್ದೇನೆ. ನಮ್ಮಪ್ಪನ ಸಾಣೆಕಲ್ಲನ್ನು ಅವಳ ಚೀಲದಲ್ಲಿಟ್ಟಿದ್ದೇನೆ, ನೀನು ಮುಟ್ಟಬೇಡ, ಅವಳೇ ಹಿಡಿಯಲಿ. ದಾರಿ ಬಿಡುವುದನ್ನು ನಾನು ಕಲಿಸಿಯಾಗಿದೆ. ಹೋಗುವುದನ್ನು ನೀನು ಕಲಿಸು. ನನ್ನ ಕಿಚ್ಚು ಆರಿದೆ ಅಂದುಕೊಳ್ಳಬೇಡ. ಅವಳು ಗೆದ್ದು ಮೊದಲು ನಿನ್ನನ್ನು ತಬ್ಬಿಕೊಂಡಳೋ, ಆ ದಿನ ನಾನು ಅಲ್ಲಿಗೇ ಬಂದು ಜಗಳ ತೆಗೆಯುತ್ತೇನೆ.

ಇಂತಿ,
ಇನ್ನೂ ಒಳದಾರಿಯಲ್ಲೇ ಇರುವ
ಗುಡ್ರುನ್

ಮರೆತಿದ್ದೆ: ನಿನ್ನದೊಂದು ಕೆಟ್ಟ ಚಾಳಿ ಅವಳಿಗೆ ಅಂಟದಂತೆ ನೋಡಿಕೋ. ಕೊನೆಯ ಸುತ್ತಿನಲ್ಲಿ ದಣಿದಾಗ ನೀನು ತಲೆ ಎತ್ತುತ್ತೀಯ. ಮೂರೂ ಒಲಿಂಪಿಕ್ಸ್‌ನಲ್ಲಿ ಎತ್ತಿದೆ, ಮೂರು ಸಲವೂ ನನ್ನ ಜೀವ ಬಾಯಿಗೆ ಬಂದಿತ್ತು. ಕತ್ತಲಾದ ಮೇಲೆ ಒರೆಸಿದ ಕಿಟಕಿಯ ಗಾಜಿನಲ್ಲಿ ನಮ್ಮ ಮನೆಯ ಟಿವಿ ಬಹಳ ಚೆನ್ನಾಗಿ ಕಾಣುತ್ತದೆ.