ನಮ್ಮ ಹಿತ್ತಲ ಗೋಡೆಗೆ ಬಂದು ಮುಗಿಯುವ ಚರಂಡಿ

ಬಡಾವಣೆಗಳಿಗೆ ಒಪ್ಪಿಗೆಯ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಮೇಲಿನ ಹೊಸ ಲೇಔಟಿನ ಚರಂಡಿ ನಮ್ಮ ಮನೆಯ ಹಿತ್ತಲ ಗೋಡೆಗೆ ಬಂದು ಮುಗಿಯುತ್ತದೆ. ಚರಂಡಿ ಮುಗಿಯುತ್ತದೆ, ನೀರು ಮುಗಿಯುವುದಿಲ್ಲ. ಇಷ್ಟೇ ನನ್ನ ದೂರು. ಉಳಿದದ್ದೆಲ್ಲ ವಿವರಣೆ. ಅದನ್ನು ಕೂತು ಕೇಳುವವರು ನಿಮ್ಮ ಕಚೇರಿಯಲ್ಲಿ ಸಿಗಲಿಲ್ಲವಾದ್ದರಿಂದ ಪೇಪರಿಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ, ಶಿಕಾರಿಪುರ ಸೀಮೆ ಅಂತಷ್ಟೇ ಇರಲಿ. ನನ್ನ ಹೆಸರು ಹಾಕಲೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ. ನಾಳೆ ಖಾತೆ ನಕಲು ಬೇಕಾದರೆ ನಿಮ್ಮ ಕಿಟಕಿಯ ಮುಂದೆಯೇ ನಿಲ್ಲಬೇಕಲ್ಲ ಸ್ವಾಮಿ! ನಾನು ಹೆದರುವವಳು. ಹಾಲು ಉಕ್ಕೀತೇನೋ ಅಂತ ಒಲೆ ಹಚ್ಚುವ ಮೊದಲೇ ಹೆದರುವವಳು ಅಂತ ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈಗ ಉಕ್ಕುತ್ತಿರುವುದು ಹಾಲಲ್ಲ.

ಮೊದಲು ಅಲ್ಲಿ ಗದ್ದೆ ಇತ್ತು. ಎಂಥ ಮಳೆ ಬಿದ್ದರೂ ಗದ್ದೆ ನೀರನ್ನು ಬದುವಿನೊಳಗೆ ಹಿಡಿದಿಟ್ಟುಕೊಂಡು, ಒಂದರಿಂದ ಒಂದಕ್ಕೆ ಇಳಿಸಿ, ಅವಸರ ಇಲ್ಲದೆ ಹಳ್ಳಕ್ಕೆ ಕಳಿಸುತ್ತಿತ್ತು. ಆ ಕೆಲಸಕ್ಕೆ ಟೆಂಡರ್ ಕರೆದಿರಲಿಲ್ಲ. ಈಗ ಅಲ್ಲಿ ಸಿಮೆಂಟ್ ರಸ್ತೆ ಇದೆ, ಕಮಾನು ಇದೆ, ಮನೆಗಳು ಎದ್ದಿವೆ. ಏಳಲಿ, ಜನ ಎಲ್ಲಾದರೂ ಇರಬೇಕಲ್ಲ, ನಾನು ಬೇಡ ಅನ್ನುವವಳಲ್ಲ. ಆದರೆ ಬಿದ್ದ ನೀರಿಗೆ ಇಂಗಲು ಅಂಗೈ ಅಗಲ ಮಣ್ಣು ಉಳಿದಿಲ್ಲ. ಎಲ್ಲ ನೀರೂ ಒಂದೇ ಚರಂಡಿ ಸೇರಿ, ಇಳಿಜಾರು ಹಿಡಿದು ಬಂದು, ಲೇಔಟಿನ ಹದ್ದಿನ ಕಲ್ಲಿನ ಹತ್ತಿರ ಚರಂಡಿ ನಿಂತ ಕೂಡಲೇ, ನಮ್ಮ ಹಿತ್ತಲಿಗೆ ನುಗ್ಗುತ್ತದೆ. ಹೋದ ಮಳೆಗಾಲ ಮಧ್ಯಾಹ್ನ ರೊಟ್ಟಿ ಬಡಿಯುತ್ತಾ ಕೂತಿದ್ದೆ. ಹಿಂದಿನ ಕೋಣೆಯಲ್ಲಿ ಧೊಪ್ಪನೆ ಸದ್ದು. ಹೋಗಿ ನೋಡಿದರೆ ಗೋಡೆಯ ಗಿಲಾವು ಕಳಚಿ ಬಿದ್ದಿದೆ. ನಮ್ಮದು ಮಣ್ಣಿನ ಗೋಡೆ. ಕೈ ಇಟ್ಟೆ. ನನ್ನ ಕೊಣವಿಗೆಯಲ್ಲಿ ನಾದಿಟ್ಟ ಹಿಟ್ಟಿಗೂ ಆ ಗೋಡೆಗೂ ವ್ಯತ್ಯಾಸ ಇರಲಿಲ್ಲ.

ನ್ಯಾಯವಾಗಿ ಹೇಳಬೇಕು, ನೀವು ಏನೂ ಮಾಡಲಿಲ್ಲ ಅಂತಲ್ಲ. ಒಮ್ಮೆ ನಿಮ್ಮ ಇಂಜಿನಿಯರ್ ಬಂದರು. ಲೇಔಟಿನ ಮಾಲೀಕರಾದ ಪಂಚಾಕ್ಷರಪ್ಪನವರೂ ಬಂದರು. ನಮ್ಮವರೇ, ಮದುವೆ ಮುಂಜಿಯಲ್ಲಿ ಪಕ್ಕದ ಪಂಕ್ತಿಯಲ್ಲಿ ಕೂತು ಉಂಡವರು, ಮಾತು ಬೆಣ್ಣೆ. ಇಬ್ಬರೂ ಹದ್ದಿನ ಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ನಾನು ಚಹಾ ಕೊಟ್ಟೆ.

"ನೋಡ್ರೀ ಅಕ್ಕಾರೆ, ಈ ಕಲ್ಲಿನ ತನಕ ನಂದು. ಕಾಂಕ್ರೀಟು ಹೆಂಗೈತಿ ನೋಡ್ರಿ, ಒಂದು ಬಿರುಕು ತೋರಿಸ್ರಿ. ಹದ್ದು ದಾಟಿದ ಮ್ಯಾಲೆ ಊರಿಂದು. ಅಭಿವೃದ್ಧಿ ಶುಲ್ಕ ಅಂತ ಕಟ್ಟೀನಲ್ಲ, ಅದು ಯಾತಕ್ಕೆ?" ಅಂದರು ಪಂಚಾಕ್ಷರಪ್ಪನವರು.

"ಊರಿನ ಚರಂಡಿ ಶುರುವಾಗೋದು ಇವರ ಮನೆ ಮುಂದಿನ ಮೋರಿಯಿಂದ ಸಾರ್. ಅದು ಹಳೇದು, ಸಣ್ಣದು. ನಿಮ್ಮ ನೀರು ತಗೊಳ್ಳೋ ಹಾಗೆ ಅಗಲ ಮಾಡೋದು ಯಾರ ಖರ್ಚು? ನೀರು ನಿಮ್ಮದಲ್ವಾ?" ಅಂದರು ನಿಮ್ಮವರು.

"ಮಳಿ ನಂದೇನ್ರೀ?"

ನಾನು ಮೆಲ್ಲಗೆ ಕೇಳಿದೆ, "ಹಾಗಾದರೆ ಈ ಕಲ್ಲಿಗೂ ಆ ಮೋರಿಗೂ ನಡುವೆ?" ಇಬ್ಬರೂ ಒಟ್ಟಿಗೇ ತಿರುಗಿ ನನ್ನ ಮನೆಯನ್ನು ನೋಡಿದರು. ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಪಕ್ಕದ ಮನೆ ಕೆಂಪಪ್ಪ ಬೇಲಿ ಮೇಲಿಂದ ಕೂಗಿದ: "ಇನ್ನೂ ತಿಳೀಲಿಲ್ಲೇನು ಅಕ್ಕಾ? ನಡುವಿನ ಚರಂಡಿ ನೀನೇ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಳಬೇಕಿತ್ತು, ಕೈಯಲ್ಲಿ ಚಹಾದ ತಟ್ಟೆ ಇತ್ತು.

ಆಮೇಲೆ ನಿಮ್ಮ ಕಚೇರಿಗೆ ಬಂದೆ. "ಹಸ್ತಾಂತರ ಆಗಿಲ್ಲಮ್ಮ" ಅಂದರು. ಮತ್ತೆ ಬಂದಾಗ "ಹಸ್ತಾಂತರದಾಗೆ ಐತಿ" ಅಂದರು. ನನ್ನದು ಎರಡು ಸಲ ಬಿಟ್ಟ ಶಾಲೆ. ಒಮ್ಮೆ ತಂಗಿಯನ್ನು ಎತ್ತಿಕೊಳ್ಳಲು, ಇನ್ನೊಮ್ಮೆ ಮದುವೆಗೆ. ಹಸ್ತಾಂತರ ಅಂದರೆ ನಿಮ್ಮಲ್ಲೊಂದು ಸೆಕ್ಷನ್ ಇರಬೇಕು ಅಂದುಕೊಂಡು, ಬೋರ್ಡು ಓದುತ್ತಾ ವರಾಂಡದ ಉದ್ದಕ್ಕೂ ನಡೆದೆ. ಕಂದಾಯ ಇತ್ತು, ಆರೋಗ್ಯ ಇತ್ತು, ಜನನ ಮರಣವೂ ಇತ್ತು. ಹಸ್ತಾಂತರ ಇರಲಿಲ್ಲ. ಕೊನೆಗೆ ಒಬ್ಬ ಹುಡುಗಿ ಬಿಡಿಸಿ ಹೇಳಿದಳು: ಲೇಔಟಿನವರು ರಸ್ತೆ, ಚರಂಡಿ, ದೀಪ ಎಲ್ಲ ಮುಗಿಸಿ ನಿಮ್ಮ ಕೈಗೆ ಕೊಡಬೇಕು, ನೀವು ತಗೊಳ್ಳಬೇಕು. ಅವರು ಕೊಟ್ಟಾಯಿತು ಅನ್ನುತ್ತಾರೆ, ನೀವು ತಗೊಂಡಿಲ್ಲ ಅನ್ನುತ್ತೀರಿ. ಅಂದಮೇಲೆ ಆ ಚರಂಡಿ ಈಗ ಯಾರ ಕೈಯಲ್ಲೂ ಇಲ್ಲ. ಕೈ ಜಾರಿದ್ದು ನೆಲಕ್ಕೆ ಬೀಳಬೇಕು. ಬಿದ್ದಿದೆ, ನನ್ನ ಹಿತ್ತಲಲ್ಲಿ.

ಮಾನ್ಯರೇ, ದಡ್ಡ ಪ್ರಶ್ನೆ ಕೇಳುತ್ತೇನೆ. ಹೊಸ ಮನೆಗಳ ನೀರು ಊರ ಚರಂಡಿಗೆ ಬರುತ್ತದೆ ಅಂತ ನಕ್ಷೆ ನೋಡಿದಾಗ ತಮಗೆ ಕಾಣಲಿಲ್ಲವೇ? ನೀರು ಹದ್ದಿನ ಕಲ್ಲು ನೋಡಿ, ಪಹಣಿ ಓದಿ, ಮರ್ಯಾದೆಯಿಂದ ನಿಲ್ಲುತ್ತದೆ ಅಂದುಕೊಂಡಿರೇ? ಪಂಚಾಕ್ಷರಪ್ಪನವರು ಕಟ್ಟಿದ ಶುಲ್ಕದಲ್ಲಿ ಹೊರಗಿನ ಚರಂಡಿಯೂ ಸೇರಿದ್ದರೆ, ಅದನ್ನು ಮಾಡಬೇಕಾದವರು ನೀವು. ಸೇರಿಲ್ಲದಿದ್ದರೆ, ಒಪ್ಪಿಗೆ ಕೊಡುವ ಮೊದಲೇ ಅದನ್ನೂ ಕೇಳಬೇಕಾದವರೂ ನೀವೇ. ಅವರು ಕೇಳುವುದರಲ್ಲೂ ನ್ಯಾಯ ಇದೆ, ನಿಮ್ಮ ಇಂಜಿನಿಯರ್ ಹೇಳುವುದರಲ್ಲೂ ಇದೆ. ಹಳೇ ಊರಿನ ಮೋರಿ ಹಾಳಾದದ್ದಕ್ಕೆಲ್ಲ ಹೊಸ ಲೇಔಟಿನವರೇ ಹೊಣೆಯಲ್ಲ. ಯಾರ ಪಾಲು ಎಷ್ಟು ಅಂತ ಹಂಚಿಕೊಳ್ಳಿ, ಬೇಕಾದರೆ ಜಗಳವಾಡಿ ಹಂಚಿಕೊಳ್ಳಿ. ಆದರೆ ನೀವಿಬ್ಬರೂ ಕೊಡದೇ ಉಳಿದ ಪಾಲನ್ನು ನನ್ನ ಗೋಡೆ ಯಾಕೆ ಕೊಡಬೇಕು? ಸೈಟಿನ ಜಾಹೀರಾತಿನಲ್ಲಿ "ಸಕಲ ಮೂಲಸೌಕರ್ಯ" ಅಂತ ಇದೆ. ಆ ಸಕಲದೊಳಗೆ ರಾಜೇಶ್ವರಮ್ಮನ ಹಿತ್ತಲೂ ಸೇರಿದೆ ಅಂತ ಕೊಂಡವರಿಗೆ ಯಾರಾದರೂ ಹೇಳಿದ್ದಾರೆಯೇ?

ಅಯ್ಯೋ, ಹೆಸರು ಬಂದುಬಿಟ್ಟಿತು. ಇರಲಿ. ಹೊಡೆದುಹಾಕುವುದಿಲ್ಲ.

ಯಾಕೆ ಇಷ್ಟು ಗಾಬರಿ ಅಂದರೆ, ಆ ಹಿಂದಿನ ಕೋಣೆ ನಮ್ಮ ಮನೆಯ ಬಾಣಂತಿ ಕೋಣೆ. ನಮಗಿರುವ ಬೇರೆ ಕೋಣೆ ಅಂದರೆ ಅದೊಂದೇ. ಮಗಳು ಚೈತ್ರಶ್ರೀಯನ್ನು ಸೊರಬದ ಕಡೆ, ಉಳವಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನದು, ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಏಳನೇ ತಿಂಗಳಲ್ಲಿ ಕರೆಯಲು ಹೋದೆ. ಬೀಗಿತಿ ಒಳ್ಳೆಯವರು, ಆದರೆ ಹೋದ ಮಳೆಗಾಲದ ಗೋಡೆ ಕಣ್ಣಾರೆ ಕಂಡವರು. "ಕಳಿಸಲ್ಲ ಅಂತಲ್ಲ ಬೀಗರೇ, ಮೊದಲು ಆ ಗೋಡೆಗೆ ನೀರು ನುಗ್ಗೋದು ನಿಲ್ಲಲಿ. ಬಾಣಂತಿಗೆ ಥಂಡಿ ಆಗ್ಬಾರ್ದು ಅಂತ ನಿಮಗೆ ನಾ ಹೇಳ್ಕೊಡ್ಬೇಕಾ?" ಅಂದರು. ಹಸ್ತಾಂತರ ಆಗಿಲ್ಲ ಅನ್ನಲೇ? ಮಗಳಿಗೆ ಈಗ ಒಂಬತ್ತರಲ್ಲಿ ಬಿದ್ದಿದೆ. ಕೃತ್ತಿಕೆ ಮುಗಿಯುತ್ತಾ ಬಂತು, ರೋಹಿಣಿ ಹಿಡಿದರೆ ಮಳೆ ಯಾರನ್ನೂ ಕೇಳುವುದಿಲ್ಲ. ಮಗಳು ಫೋನು ಮಾಡಿ, "ಅವ್ವಾ, ಗೋಡೆ ಹೆಂಗೈತಿ?" ಅಂತಾಳೆ. ಅವ್ವ ಹೆಂಗದಾಳೆ ಅಂತ ಕೇಳುವುದನ್ನು ಬಿಟ್ಟೇ ಬಿಟ್ಟಿದ್ದಾಳೆ. ಆ ಗೋಡೆಯ ಪಕ್ಕ ಕೂಸನ್ನು ಮಲಗಿಸಲೋ, ನನ್ನ ಮಗಳಿಗೆ ತವರೇ ಇಲ್ಲ ಅನ್ನಿಸಲೋ, ತಾವೇ ಹೇಳಿ.

ಬೇಡಿಕೆ ದೊಡ್ಡದಲ್ಲ. ಲೇಔಟಿನಲ್ಲಿ ಕೆಲಸ ಮುಗಿಯುವ ತನಕ ಕೆಲವು ಸೈಟು ಮಾರದಂತೆ ನೀವು ತಡೆ ಹಿಡಿದಿರುತ್ತೀರಂತೆ. ಅವನ್ನು ಬಿಡಬೇಡಿ. ನಮ್ಮ ಮನೆ ಪಕ್ಕದ ಓಣಿಯಲ್ಲಿ ಚರಂಡಿ ತೋಡಿ, ಮೋರಿ ಅಗಲ ಮಾಡಿ, ಮೇಲಿನ ನೀರು ಹಳ್ಳ ಸೇರಿದ್ದನ್ನು ಕಣ್ಣಿಂದ ನೋಡಿ, ಆಮೇಲೆ ಬಿಡಿ. ಅಲ್ಲಿಯ ತನಕ, ಮಳೆ ಹಿಡಿಯುವ ಮೊದಲು, ಆ ಓಣಿಯಲ್ಲಿ ಒಂದು ಕಚ್ಚಾ ಕಾಲುವೆಯನ್ನಾದರೂ ತೆಗೆಸಿ.

ಹಸ್ತಾಂತರ ನಮಗೆ ಗೊತ್ತಿಲ್ಲದ್ದಲ್ಲ ಸ್ವಾಮಿ, ಹೆಸರು ಗೊತ್ತಿರಲಿಲ್ಲ ಅಷ್ಟೇ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತೊಟ್ಟಿಲ ಈಚೆಯವರು ಆಚೆಯವರಿಗೆ ಕೂಸು ದಾಟಿಸುತ್ತೇವೆ. ಆಚೆಯವಳು ಎರಡೂ ಕೈ ಕೊಟ್ಟು "ಬಿಡ್ರಿ, ಹಿಡಿದೀನಿ" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಈಚೆಯವಳು ಕೈ ಸಡಿಲಿಸುವುದಿಲ್ಲ. ಅದಕ್ಕೇ ನಮ್ಮ ಓಣಿಯಲ್ಲಿ ಇವತ್ತಿನವರೆಗೆ ಒಂದು ಕೂಸೂ ನೆಲಕ್ಕೆ ಬಿದ್ದಿಲ್ಲ. ತೊಟ್ಟಿಲು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ನಿಮ್ಮಿಬ್ಬರಲ್ಲಿ ಯಾರಾದರೊಬ್ಬರು ಆ ಎರಡು ಮಾತು ಅನ್ನಿ. ನಾನು ಉಳವಿ ಬಸ್ಸು ಹತ್ತುತ್ತೇನೆ.

ಇಂತಿ,
ಮೇಲಿನ ಕಲ್ಲಿಗೂ ಕೆಳಗಿನ ಮೋರಿಗೂ ನಡುವೆ ಸದ್ಯಕ್ಕೆ ಚರಂಡಿಯಾಗಿರುವ,
ರಾಜೇಶ್ವರಮ್ಮ