ಶನಿವಾರದ ಆಟಕ್ಕೆ ಕರೆ

ಕಪ್ಸೊರೊಯ್
ಬುಧವಾರ

ಆಚೆ ದಡದ ಅಜಿಕೊನಕ್ಕನಿಗೆ, ಈಚೆ ದಡದ ಚೆಮಕಲ್ ಪ್ರೀತಿಯಿಂದ ಬರೆಯುವುದು.

ನಿನ್ನ ತಮ್ಮ ಎಕಾಲ್‌ನನ್ನು ಮಣ್ಣು ಮಾಡಿದ ದಿನ ನಾನು ಹೊಳೆ ದಾಟಿ ಬರಬೇಕಿತ್ತು. ನಮ್ಮವರು ಬಿಡಲಿಲ್ಲ. ನೀನು ಊಟ ಮಾಡುತ್ತಿಲ್ಲ ಎಂದು ನೀರಿನ ಲಾರಿಯ ಡ್ರೈವರ್ ಹೇಳಿದ. ಗಂಜಿಯನ್ನಾದರೂ ಕುಡಿ.

ಈ ಶನಿವಾರ ಹೊಳೆಯ ಮರಳಿನ ಮೈದಾನದಲ್ಲಿ ಮತ್ತೆ ಹುಡುಗಿಯರ ಫುಟ್‌ಬಾಲ್ ಆಟ ಇಡಬೇಕೆಂದು ಪಾದ್ರಿಗಳು, ಎರಡೂ ಕಡೆಯ ಚೀಫ್‌ಗಳು, ಕೊಳವೆಬಾವಿ ಸಮಿತಿಯವರು ಸೇರಿ ತೀರ್ಮಾನಿಸಿದ್ದಾರೆ. ಚೆಂಡು, ಬಟ್ಟೆ ಕೊಡುವ ಕಿಟಾಲೆ ಪಟ್ಟಣದ ಸಂಸ್ಥೆಯವರೂ ಬರುತ್ತಾರೆ. ಆಟ ನಡೆದರೆ ಮಾತ್ರ ಮುಂದಿನ ವರ್ಷದ ನೆರವಿನ ಮಾತು ಎಂದಿದ್ದಾರಂತೆ. ನಿನ್ನ ಹುಡುಗಿಯರನ್ನು ಕರೆದುಕೊಂಡು ಬಾ ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ಚೀಫ್, "ಗಟ್ಟಿಯಾಗಿ ಬರಿ ಕಣಮ್ಮ, ಅಳುಬುರುಕಿ ಪತ್ರ ಬೇಡ" ಎಂದರು. ಸಮಿತಿಯಲ್ಲಿ ಓದಿಸಿದ ಮೇಲೆ ಲಾರಿಯವನ ಕೈಲಿ ಕಳಿಸುತ್ತೇನೆ.

ನಿಯಮಗಳು ಹಳೆಯವೇ. ಎರಡೂ ತಂಡಗಳಲ್ಲಿ ಎರಡೂ ದಡದವರು ಬೆರೆತಿರಬೇಕು. ಆ ದಡದವಳು ಕೊಟ್ಟ ಚೆಂಡನ್ನು ಈ ದಡದವಳು ಹೊಡೆದರೆ, ಇಲ್ಲವೇ ಈ ದಡದವಳು ಕೊಟ್ಟದ್ದನ್ನು ಆ ದಡದವಳು ಹೊಡೆದರೆ ಮಾತ್ರ ಗೋಲು. ಮೊದಲ ಆಟದಲ್ಲಿ ನಿಮ್ಮ ದಡದ ಅಮೋನಿ ನನ್ನ ಮಗಳು ಚೆಪುರೈಗೆ, "ಏಯ್ ಒಂಟೆಕಾಲಿನವಳೇ, ಚೆಂಡು ಕೊಟ್ಟಿದ್ದೀನಿ, ಒದೀತೀಯೋ ಮುದ್ದು ಮಾಡ್ತಾ ಕೂರ್ತೀಯೋ?" ಎಂದು ಕೂಗಿದ್ದು ನೆನಪಿದೆಯಾ? ನಿನ್ನ ತಮ್ಮ ನಕ್ಕು ನಕ್ಕು ಮರಳಲ್ಲೇ ಕೂತುಬಿಟ್ಟಿದ್ದ.

ಗಂಡಸರು ಬಂದೂಕುಗಳನ್ನು ತಂದು ಜಾಲಿಮರದ ಕೆಳಗೆ ಇಡಬೇಕು, ಎದುರು ದಡದ ಹೆಂಗಸರು ಅವನ್ನು ಕಾಯಬೇಕು ಎನ್ನುವ ನಿಯಮವೂ ಹಾಗೇ ಇದೆ. ಹೋದ ಸಲ ನಿಮ್ಮ ಊರಿನ ಬಂದೂಕುಗಳೆಲ್ಲ ಆ ಮರದ ಕೆಳಗಿದ್ದವು. ಊರಲ್ಲಿ ಆಡುಗಳ ಹತ್ತಿರ ಎಕಾಲ್ ಒಬ್ಬನೇ ಇದ್ದ, ಕೈಯಲ್ಲಿ ಕೋಲು. ಅವನನ್ನು ಕೊಂದು ಆಡುಗಳನ್ನು ಹೊಡೆದುಕೊಂಡು ಹೋದವರು ಉತ್ತರದ ಕಡೆಯ ದರೋಡೆಕೋರರು ಎಂದು ಸಮಿತಿ ಹೇಳಿದೆ. ಸಮಿತಿ ಹೇಳಿದ್ದನ್ನು ನಾನು ಬರೆದಿದ್ದೇನೆ.

ಆಟ ನಿಂತರೆ ಏನಾಗುತ್ತದೆ ಎನ್ನುವುದು ನಿನಗೂ ಗೊತ್ತು. ಆಡುವ ಹುಡುಗಿಗೆ ಶಾಲೆ ಮುಗಿಯುವ ತನಕ ಮದುವೆ ಮಾಡುವಂತಿಲ್ಲ ಎಂದು ಚೀಫ್‌ಗಳು ಮಾತು ಕೊಟ್ಟಿದ್ದರು. ಆಟವಿಲ್ಲದಿದ್ದರೆ ಆ ಮಾತೂ ಇಲ್ಲ. ಚೆಪುರೈಯನ್ನು ಕೇಳಿಕೊಂಡು ಈಗಾಗಲೇ ಒಬ್ಬ ಬಂದು ಹೋಗಿದ್ದಾನೆ. ನನಗಿಂತ ದೊಡ್ಡವನು. "ಶನಿವಾರ ಆಟ ನಡೆಯಲಿ, ಆಮೇಲೆ ಮಾತಾಡೋಣ" ಎಂದು ನನ್ನ ಗಂಡ ಅವನನ್ನು ಕಳಿಸಿದ್ದಾರೆ. ಚೆಪುರೈ ದಿನವೂ ಸಂಜೆ ಗೋಡೆಗೆ ಚೆಂಡು ಒದೆಯುತ್ತಾಳೆ. "ಅಮೋನಿ ಬರ್ತಾಳಾ ಅಮ್ಮಾ?" ಎಂದು ಅವಳದು ಒಂದೇ ಪ್ರಶ್ನೆ.

ಹುಡುಗಿಯರೊಂದಿಗೆ ನೀನು ಬರುತ್ತೀಯೆಂದು ಸಮಿತಿ ನಂಬಿದೆ.

ನಿನ್ನ ತಂಗಿಯಂಥವಳು,
ಚೆಮಕಲ್

ಮರೆಯುವ ಮುನ್ನ: ಮೇಲಿನದನ್ನು ಪಾದ್ರಿಗಳೂ ಚೀಫರೂ ಓದಿ ಒಪ್ಪಿದರು. ಇದನ್ನು ಲಾರಿಯ ಪಕ್ಕ ನಿಂತು ಬರೆಯುತ್ತಿದ್ದೇನೆ. ಬರಬೇಡ ಅಕ್ಕ. ಹುಡುಗಿಯರನ್ನೂ ಕಳಿಸಬೇಡ. ನಿಮ್ಮ ಗಂಡಸರು ಬಂದೂಕು ಹಿಡಿದು ಮನೆಯಲ್ಲೇ ಇರಲಿ. ಉತ್ತರದಿಂದ ಯಾರೂ ಬಂದಿರಲಿಲ್ಲ. ನಿನ್ನ ಆಡುಗಳು ನಮ್ಮ ಬೇಲಿಯೊಳಗಿವೆ, ಹಾಲು ಕರೆಯುತ್ತಿರುವವಳು ನಾನೇ. ನಿನ್ನೆ ನನ್ನ ಗಂಡ ತಮ್ಮಂದಿರಿಗೆ, "ಪಾದ್ರಿಗಳೇ ಆಚೆ ಊರು ಖಾಲಿ ಮಾಡಿಸಿ ಕೊಡ್ತಾರೆ, ನಮಗೇನ್ರೋ ಕಷ್ಟ? ಈ ಸಲ ಒಂಟೆಗಳನ್ನೂ ಹೊಡ್ಕೊಂಡು ಬರೋಣ" ಎಂದರು. ಎಲ್ಲರೂ ನಕ್ಕರು. ನಾನು ಚಹಾ ಕೊಡುತ್ತಿದ್ದೆ. ಹುಡುಗಿಯರಿಗೆಲ್ಲ ಜ್ವರ ಎಂದು ಹೇಳಿ ಕಳಿಸು, ನನ್ನ ಹೆಸರು ಬೇಡ. ಆಟ ಇಲ್ಲವೆಂದು ಚೆಪುರೈಗೆ ನಾನಿನ್ನೂ ಹೇಳಿಲ್ಲ.