ಎಂಟರ್ ಬಟನ್ ಸಂದಿಯ ತೊಗರಿಬೇಳೆ

ಶಹಾಪುರ
ಶನಿವಾರ, ೧೬ ನವೆಂಬರ್ ೨೦೨೪

ಪಂಚಶೀಲಾಳ ಅಪ್ಪನವರಿಗೆ,

ಪರಿಮಳಾಳ ಜೈಭೀಮ್. ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ, ಅಥವಾ ಯಾದಗಿರಿಯ ಆ ಅಂಗಡಿಯಲ್ಲೂ ಸ್ಟೂಲಿನ ಮೇಲೆ ಗೂನಾಗಿ ಕೂತು ದಿನವಿಡೀ ಬೆಸುಗೆ ಹಾಕುತ್ತೀರೋ? ಬೆಳಿಗ್ಗೆ ಎದ್ದಕೂಡಲೇ ಚಹಾ ಬೇಡ, ಮೊದಲು ಒಂದು ಲೋಟ ನೀರು ಕುಡಿಯಿರಿ. ಖಾನಾವಳಿಯ ರೊಟ್ಟಿ ತಣ್ಣಗಿದ್ದರೆ ನಿಮ್ಮ ಹೊಟ್ಟೆ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು, ಬಿಸಿ ರೊಟ್ಟಿ ಕೇಳಿ ಹಾಕಿಸಿಕೊಳ್ಳಿ. ಕೇಳುವುದಕ್ಕೆ ನಾಚಿಕೆ ಬೇಡ. ಹೆಂಡತಿಯ ಹತ್ತಿರ ಕೇಳಲು ನಾಚದ ಬಾಯಿ ಊರವರ ಹತ್ತಿರ ಯಾಕೆ ನಾಚಬೇಕು?

ಕಾಗದ ಬರೆಯುವ ಕಾಲವೇ ಇದು ಎಂದು ನಗಬೇಡಿ. ನೀವು ನನ್ನ ಫೋನ್ ಎತ್ತುವುದಿಲ್ಲ. ಪಕ್ಕದಂಗಡಿಯ ಲಾಡ್ಲೇಸಾಬರ ಫೋನನ್ನು ಮಾತ್ರ ಒಂದೇ ರಿಂಗಿಗೆ ಎತ್ತುತ್ತೀರಿ. ಇರಲಿ. ಫೋನಿನಲ್ಲಾದರೆ ನನಗೂ ಸಿಟ್ಟು ಮುಂದೆ ಬರುತ್ತದೆ, ಹೇಳಬೇಕಾದದ್ದು ಹಿಂದೆ ಉಳಿಯುತ್ತದೆ. ಲಾಡ್ಲೇಸಾಬರು ಗಡಿಯಾರದ ಸಾಮಾನು ತರಲು ಇವತ್ತು ಹನ್ನೊಂದರ ಬಸ್ಸಿಗೆ ಯಾದಗಿರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತೇನೆ. ನೀವು ಓದುವವರೆಗೂ ಎದುರಿಗೇ ನಿಂತಿರಲು ಹೇಳಿದ್ದೇನೆ. ಹೂಂ ಎಂದಿದ್ದಾರೆ.

ಮನೆಯ ಸುದ್ದಿ ಹೇಳುವಂಥದ್ದೇನಿಲ್ಲ. ಪಂಚಶೀಲಾ ಮೂರರ ಮಗ್ಗಿಯಲ್ಲಿ ಇನ್ನೂ ಎಡವುತ್ತಾಳೆ, ಜಗಳದಲ್ಲಿ ಮಾತ್ರ ಯಾರಿಗೂ ಸೋಲುವುದಿಲ್ಲ. ಅತ್ತೆಯ ಮಂಡಿ ಚಳಿಗೆ ಹಿಡಿದುಕೊಳ್ಳುತ್ತಿದೆ. ಆದರೂ ಬೆಳಿಗ್ಗೆ ನನಗಿಂತ ಮೊದಲೇ ಹೋಗಿ ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸುವುದನ್ನು ಬಿಟ್ಟಿಲ್ಲ. ನಾನು ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು ಅಂಗಡಿಗೆ ಬರುವಷ್ಟರಲ್ಲಿ ಕಂಪ್ಯೂಟರಿನಲ್ಲಿ ಫಾರಂ ತುಂಬಿಸುವವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸಂಜೆ ಷಟರ್ ಎಳೆಯುವಾಗ ತೋಳೆತ್ತಲು ಆಗುವುದಿಲ್ಲ. ದಣಿದಿದ್ದೇನೆ ಎಂದು ಯಾರ ಮುಂದೆ ಹೇಳಲಿ? ಅಂಗಡಿ ನಾನೇ ನಡೆಸುತ್ತೇನೆ ಎಂದು ಊರೆಲ್ಲ ಕೇಳುವಂತೆ ಹೇಳಿದವಳು ನಾನೇ.

ಆ ದಿನದ ಮಾತನ್ನು ಮತ್ತೆ ಕೆದಕುತ್ತಿದ್ದಾಳೆ ಎಂದುಕೊಳ್ಳಬೇಡಿ, ಒಮ್ಮೆ ನನ್ನ ಕಡೆಯಿಂದ ಹೊರಗೆ ಬರಲಿ. ಸಗರದ ಉಮಾಶ್ರೀಯ ಹಾಸ್ಟೆಲ್ ಅರ್ಜಿಯಲ್ಲಿ ಆದಾಯ ಪ್ರಮಾಣಪತ್ರದ ನಂಬರನ್ನು ತಪ್ಪಾಗಿ ಹೊಡೆದವಳು ನಾನು. ಅರ್ಜಿ ತಿರಸ್ಕಾರವಾಯಿತು. ಸುರಪುರದ ಕಾಲೇಜಿನಲ್ಲಿ ಸಿಕ್ಕ ಸೀಟನ್ನು ಆ ಹುಡುಗಿ ಬಿಡಬೇಕಾಯಿತು. ಹತ್ತು ಜನರ ಮುಂದೆ ನೀವು, "ನಿನ್ನ ಕೈಯಾಗ ಕೀಬೋರ್ಡ್ ಕೊಟ್ಟೇನಲ್ಲ, ನನ್ನ ಬುದ್ಧೀಗೇನಾಗಿತ್ತು? ಮನ್ಯಾಗ ರೊಟ್ಟಿ ಬಡಕೋತ ಕುಂಡ್ರು ಹೋಗು" ಎಂದಿರಿ. ನಾನು, "ಹಂಗಾರ ನೀವಽ ಹೋಗ್ರಿ. ಅಂಗಡಿ ನಾ ನಡಸ್ತೀನಿ. ನೀವಿಲ್ಲಂದ್ರ ಮಿಷನ್ ಏನು ನಿಂದರಂಗಿಲ್ಲ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು ಬ್ಯಾಗು ತೆಗೆದುಕೊಂಡು ಹೋದಿರಿ. ಹದಿನೈದು ದಿನಕ್ಕೆ ಮಿಷನ್ ನಿಂತಿತು.

ಮೊದಲ ಸಲ ನಿಂತದ್ದು ನೆನಪಿದೆಯಲ್ಲ? ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಕೀಬೋರ್ಡ್ ಸಿಗುತ್ತಿಲ್ಲ, ಮುಂದೆ ಹೋಗಲು ಎಫ್ ಒನ್ ಒತ್ತಿ ಎಂದು. ಹಿಂದೆ ನೀವೇ ಇದನ್ನು ಓದಿ, "ಕೀಬೋರ್ಡ್ ಇಲ್ಲಂತ ತಾನಽ ಹೇಳ್ತದ, ಮತ್ತ ಅದನ್ನಽ ಒತ್ತು ಅಂತದ, ಎಂಥಾ ಹುಚ್ಚ ಅದ ನೋಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಿರಿ. ಆ ದಿನ ನನಗೆ ನಗು ಬರಲಿಲ್ಲ. ಎಫ್ ಒನ್ ಒತ್ತಿ ಒತ್ತಿ ಬೆರಳು ನೋಯಿತು. ಅತ್ತೆ ಲಾಡ್ಲೇಸಾಬರಿಂದ ಫೋನ್ ಮಾಡಿಸಿದರು. ನೀವು ಬಂದಿರಿ, ನನ್ನ ಮುಖ ನೋಡದೆ ಮೇಜಿನ ಕೆಳಗೆ ತೂರಿದಿರಿ, ಕಳಚಿಕೊಂಡಿದ್ದ ವೈರನ್ನು ಸಿಕ್ಕಿಸಿದಿರಿ, ಅತ್ತೆಯ ಕೈಯಿಂದ ನೀರು ಕುಡಿದು ಮುಂದಿನ ಬಸ್ಸಿಗೆ ಹೋದಿರಿ. ಎರಡನೆಯ ಸಲವೂ ಅದೇ. ಆ ಸಲ ಅತ್ತೆ ಪುಂಡಿಪಲ್ಯ ಸುತ್ತಿಕೊಟ್ಟ ರೊಟ್ಟಿಯನ್ನು ನಿಂತುಕೊಂಡೇ ಅರ್ಧ ತಿಂದಿರಿ. ಉಳಿದರ್ಧವನ್ನು ನಾನು ತಿಂದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಮೂರನೆಯ ಸಲ ನೀವು ಬರಲಿಲ್ಲ. "ಪ್ರತಿ ಸಲ ನಾ ಬರಾಕ ಆಗಂಗಿಲ್ಲ, ಏನು ಮಾಡಬೇಕಂತ ಹೇಳ್ತೀನಿ, ಅಕೀಗಿ ಹೇಳ್ರಿ" ಎಂದು ಲಾಡ್ಲೇಸಾಬರಿಗೆ ಹೇಳಿದಿರಂತೆ. ಅವರು ಒಂದು ಕಿವಿಗೆ ಫೋನ್ ಹಿಡಿದು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ತಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು: "ವೈನಿ, ಮಿಷನ್ ಬಂದ್ ಮಾಡ್ರಿ! ಹಿಂದ ಎರಡು ಗುಂಡನ್ನ ತೂತು ಅವ ಏನ್ರಿ? ನೇರಳಿ ಬಣ್ಣದ್ದು ಕೀಬೋರ್ಡಿಂದು, ಹಸರು ಮೌಸಿಂದು ಅಂತ!" ನೋಡಿದರೆ ಕೀಬೋರ್ಡಿನ ವೈರು ಹಸಿರು ತೂತಿನಲ್ಲಿತ್ತು. ಎರಡೂ ಒಂದೇ ಅಳತೆ, ಅಳಿಯ ಅಲ್ಲ ಮಗಳ ಗಂಡ ಅಂದಹಾಗೆ, ಆದರೆ ಮಿಷನ್ ಒಪ್ಪಬೇಕಲ್ಲ. ಕಿತ್ತು ನೇರಳೆಗೆ ಹಾಕಿದೆ. ಕಣ್ಣಳತೆ ತಪ್ಪಿ ಒತ್ತಿದ್ದಕ್ಕೆ ವೈರಿನ ತುದಿಯ ಪಿನ್ನಿನ ಒಂದು ಮುಳ್ಳು ಬಗ್ಗಿತು, ಲಾಡ್ಲೇಸಾಬರು ತಮ್ಮ ಚಿಮಟಿಗೆಯಿಂದ ನೆಟ್ಟಗೆ ಮಾಡಿಕೊಟ್ಟರು. ಮಿಷನ್ ಶುರುವಾಯಿತು. ಮೆಟ್ಟಿಲ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯೆನಿಸಿತು, ಸುಳ್ಳು ಯಾಕೆ ಹೇಳಲಿ. ಅತ್ತೆ ಮಾತ್ರ ಮೊರ ಹಿಡಿದು ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಮಂಡಿ ನೋಯುತ್ತಿರಬೇಕು ಎಂದುಕೊಂಡೆ.

ಆಮೇಲೆ ನಾನು ಯಾರನ್ನೂ ಕೇಳುವುದನ್ನು ಬಿಟ್ಟೆ. ವೈರು ಕಳಚಿದ್ದರೆ ಸಿಕ್ಕಿಸಿದೆ, ತೂತು ಬದಲಾಗಿದ್ದರೆ ಬದಲಿಸಿದೆ. ದಸರೆಯ ಹೊತ್ತಿಗೆ ಒಂದು ದಿನ ಮಿಷನ್ ತನ್ನ ತಾರೀಖನ್ನೇ ಮರೆತು ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಹದಿನೈದು ವರ್ಷದ ಹಿಂದೆ ನಮ್ಮ ಮದುವೆಯೂ ಆಗಿರಲಿಲ್ಲ, ಜಗಳವೂ ಇರಲಿಲ್ಲ, ಅಲ್ಲೇ ಇರು ಎಂದು ಬಿಡೋಣವೆನಿಸಿತು. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿದೆ ಎಂದು ಊಹಿಸಿದೆ, ಲಾಡ್ಲೇಸಾಬರ ಹತ್ತಿರ ಅದೇ ಅಳತೆಯದು ಸಿಕ್ಕಿತು, ಹಾಕಿದೆ. ಕೀಬೋರ್ಡಿನ ದೀಪ ಸ್ವಿಚ್ ಹಾಕಿದಾಗ ಮಿಣುಕುತ್ತದೋ ಇಲ್ಲವೋ ನೋಡಿಯೇ ರೋಗ ಎಲ್ಲಿದೆ ಎಂದು ಹೇಳುವಷ್ಟಾದೆ. ಆದರೂ ವಾರಕ್ಕೊಂದು ಸಲ ಏನಾದರೂ ಆಗೇ ಆಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹೊಸ ಕೀಬೋರ್ಡ್ ತರಬೇಕೆಂದಿದ್ದೆ. ಆದರೆ ಇದು ನೀವು ತಂದಿಟ್ಟದ್ದು, ಬಿಸಾಡಲು ಕೈ ಬರಲಿಲ್ಲ.

ಮೊನ್ನೆ ಗುರುವಾರ ಸ್ವಿಚ್ ಹಾಕಿದರೆ ಮಿಷನ್ ಕೀಂ ಕೀಂ ಎಂದು ಒದರತೊಡಗಿತು. ಹಿಂದೊಮ್ಮೆ ಪಂಚಶೀಲಾ ಶಾಲೆಯ ಚೀಲವನ್ನು ಕೀಬೋರ್ಡಿನ ಮೇಲೆ ಇಟ್ಟಾಗ ಹೀಗೇ ಒದರಿತ್ತು, ಯಾವುದೋ ಬಟನ್ ಒತ್ತಿಕೊಂಡೇ ಇದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ. ಒಂದೊಂದೇ ಬಟನ್ ಮುಟ್ಟಿ ನೋಡಿದೆ. ಎಂಟರ್ ಮೇಲಕ್ಕೆ ಬರುತ್ತಿರಲಿಲ್ಲ. ಸೂಜಿ ಹಾಕಿ ಕೆದಕಿದರೆ ಸಂದಿಯಿಂದ ಒಂದು ತೊಗರಿಬೇಳೆ ಹೊರಗೆ ಬಂತು. ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಕೀಬೋರ್ಡಿನ ಹತ್ತಿರ ಬೇಳೆಗೇನು ಕೆಲಸ? ನಮ್ಮ ಅಂಗಡಿಯಲ್ಲಿ ಬೇಳೆ ಹಸನು ಮಾಡುವವರು ಒಬ್ಬರೇ. ಕಸ ಗುಡಿಸಿದ ಮೇಲೆ ಬಾಗಿಲ ಬಿಸಿಲಿಗೆ ಕಾಲು ಚಾಚಿ, ಮೊರ ಹಿಡಿದು ಕೂರುವವರು. ಮಗಳ ಚೀಲ ಮಿಷನ್ ನಿಲ್ಲಿಸಿದ್ದನ್ನು ಅಲ್ಲೇ ಕೂತು ನೋಡಿದವರು.

ನಿನ್ನೆ ಮಗಳನ್ನು ಪಕ್ಕದ ಮನೆಯವರ ಜೊತೆ ಶಾಲೆಗೆ ಕಳಿಸಿ ಬೇಗ ಬಂದೆ. ಅತ್ತೆ ನೆಲಕ್ಕೆ ಕೂತು, ನೋಯುವ ಮಂಡಿಯನ್ನು ಒಂದು ಕಡೆ ಚಾಚಿಕೊಂಡು, ಮೇಜಿನ ಕೆಳಗೆ ಅರ್ಧ ತೂರಿದ್ದರು. ಕೈಯಲ್ಲಿ ವೈರು. ನನ್ನನ್ನು ಕಂಡು ಹೊರಗೆ ಬರಲು ಹೋಗಿ ತಲೆ ತಾಗಿಸಿಕೊಂಡರು. ಕೈಹಿಡಿದು ಎಬ್ಬಿಸಿದೆ. ಬೈಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ, "ಏನು ಮಾಡ್ಲೆವಾ? ನನಗ ಜ್ವರ ಬಂದ್ರ ಗುಳಗಿ ಕಳಸ್ತಾನ. ಮಿಷನ್ ಕೆಟ್ರ ತಾನಽ ಬರ್ತಾನ" ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನೀ ಭಾಳ ಶಾಣ್ಯಾಕಿ ಆದಿ ನೋಡು, ಅದಽ ಕೆಟ್ಟಾತು. ನಾ ಒಂದು ಕೆಡಸಿದ್ರ ನೀ ಅದನ್ನ ಸುದ್ದ ಮಾಡ್ತಿ. ಇನ್ನ ನಾನೇನು ಮಾಡ್ಲಿ?" ಎಂದು ನನ್ನನ್ನೇ ಗದರಿದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆವು. ಮಿಷನ್ ಚಾಲೂ ಮಾಡದೆ ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿ ಕೂತೆವು. ಎದುರಿಗೆ ಗುಡ್ಡದ ಸಾಲಿನಲ್ಲಿ ಮೂಡಿದ ಬುದ್ಧ ತನ್ನ ಪಾಡಿಗೆ ಮಲಗಿದ್ದ. ಬಂದವರನ್ನು ಮಧ್ಯಾಹ್ನ ಬನ್ನಿ ಎಂದು ಕಳಿಸಿದೆ. ಕೂತಲ್ಲೇ ಲೆಕ್ಕ ಹಾಕಿದೆ: ಒಂದೊಂದು ರಿಪೇರಿ ಕಲಿತಾಗಲೂ ನಾನು ಗೆದ್ದೆ ಅಂದುಕೊಂಡಿದ್ದೆನಲ್ಲ, ಒಂದೊಂದು ಸಲವೂ ನೀವು ಮನೆಗೆ ಬರುವ ದಾರಿಗೆ ನಾನೇ ಮುಳ್ಳು ಹಚ್ಚುತ್ತಿದ್ದೆ. ನಿಮ್ಮ ತಾಯಿ ಮಂಡಿ ನೋವಿನಲ್ಲಿ ತೆಗೆದ ದಾರಿಯನ್ನು ನಾನು ಶಾಣ್ಯಾತನದಲ್ಲಿ ಮುಚ್ಚುತ್ತಿದ್ದೆ.

ಉಮಾಶ್ರೀಯ ಮನೆಗೆ ಸಗರಕ್ಕೆ ನಾನೇ ಹೋಗಿ ತಪ್ಪಾಯಿತೆಂದು ಹೇಳಿ ಬಂದಿದ್ದೇನೆ. ಅವಳು ಈಗ ಇಲ್ಲಿನ ಕಾಲೇಜಿಗೇ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಮುಂದಿನ ವರ್ಷದ ಹಾಸ್ಟೆಲ್ ಅರ್ಜಿಯನ್ನೂ ನಮ್ಮಲ್ಲೇ ಹಾಕಿಸುತ್ತಾಳಂತೆ. "ಅಕ್ಕಾ, ನಾ ನಂಬರ್ ಓದ್ತೀನಿ, ನೀವು ಒಂದೊಂದಽ ಬಡೀರಿ" ಎಂದು ನಗುತ್ತಾಳೆ. ಆ ಹುಡುಗಿಗೆ ಇರುವಷ್ಟು ದೊಡ್ಡ ಮನಸ್ಸು ನನಗೂ ಇರಲಿಲ್ಲ, ನಿಮಗೂ ಇರಲಿಲ್ಲ. ನಿಮಗೆ ಹೋಗ್ರಿ ಎಂದದ್ದು ನನ್ನ ತಪ್ಪು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀವು ಅಂದ ರೊಟ್ಟಿಯ ಮಾತು ನಿಮ್ಮ ತಪ್ಪು. ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕೆಂದು ಆಸೆಯಿದೆ, ಹತ್ತು ಜನರ ಮುಂದೆ ಅಲ್ಲದಿದ್ದರೂ ನಡೆಯುತ್ತದೆ.

ಇನ್ನು ಮಿಷನ್ನಿಗೆ ಕೈ ಹಚ್ಚುವುದಿಲ್ಲ ಎಂದು ಅತ್ತೆ ಪಂಚಶೀಲಾಳ ತಲೆ ಮುಟ್ಟಿ ಹೇಳಿದ್ದಾರೆ. ಅವರಿಗೆ ಏನೂ ಅನ್ನಬೇಡಿ. ವೈರು, ಬ್ಯಾಟರಿ, ಬಟನ್ನು ಎಲ್ಲ ನೋಡಿಕೊಳ್ಳಲು ನಾನಿದ್ದೇನೆ. ಅಂಗಡಿ ನಡೆಸಲು ನಿಮ್ಮನ್ನು ಕರೆಯುತ್ತಿಲ್ಲ, ಅಂಗಡಿ ನಡೆಯುತ್ತದೆ.

ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ. ಮಗಳು ಅಪ್ಪನಿಗೆ ಎಂದು ಒಂದು ಬಸ್ಸಿನ ಚಿತ್ರ ಬಿಡಿಸಿದ್ದಾಳೆ, ಒಳಗಿಟ್ಟಿದ್ದೇನೆ. ಬಸ್ಸಿನ ಬೋರ್ಡಿನಲ್ಲಿ ಶಹಾಪುರ ಎಂದು ಬರೆಯಿಸಿದ್ದು ನಾನಲ್ಲ. ಬೆನ್ನು ಜೋಪಾನ.

ನಿಮ್ಮ
ಪರಿಮಳಾ

ತಾ.ಕ.: ಲಾಡ್ಲೇಸಾಬರು ಚೀಲ ಹಿಡಿದು ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು. ಇವತ್ತು ಬೆಳಿಗ್ಗೆ ಮಿಷನ್ ಮತ್ತೆ ನಿಂತಿದೆ. ಅತ್ತೆ ಮುಟ್ಟಿಲ್ಲ, ಪಾಪ ಅವರಿಗೆ ಗೊತ್ತೂ ಇಲ್ಲ. ಆ ತೊಗರಿಬೇಳೆಯನ್ನು ನಾನು ಬಿಸಾಡಿರಲಿಲ್ಲ. ಅದು ಯಾವ ಬಟನ್ ಸಂದಿಯಲ್ಲಿದೆ ಎಂದು ನನಗೆ ಗೊತ್ತು, ತೆಗೆಯುವುದು ಅರ್ಧ ನಿಮಿಷದ ಕೆಲಸ. ನಾನು ತೆಗೆಯುವುದಿಲ್ಲ.